ದಡದವನ ಟವಲು

ದಡದಲ್ಲಿ ದ್ಯಾವಯ್ಯ ನಿಂತಿದ್ದಾನೆ ಅಂದರೆ ಬಾವಿಗೆ ಇಳಿಯುವವನು ಮೇಲೆ ತಿರುಗಿ ನೋಡುತ್ತಿರಲಿಲ್ಲ. ದೇವಲಾಪುರದ ಸುತ್ತ ಎಲ್ಲೇ ಹಳೇ ಬಾವಿಯ ಹೂಳೆತ್ತಬೇಕಾದರೂ ಊರಿನವರು ಕೇರಿಗೆ ಹೇಳಿಕಳಿಸುತ್ತಿದ್ದರು. ಬಾವಿ ತೋಡಲು ಕೇರಿಯವರು ಬೇಕು, ಹೂಳೆತ್ತಲು ಕೇರಿಯವರು ಬೇಕು. ನೀರು ಬಂದ ಮರುದಿನದಿಂದ ಕೇರಿಯ ಬಿಂದಿಗೆ ದೂರ ನಿಲ್ಲಬೇಕು. ಇದೇನು ಹೊಸ ಸುದ್ದಿಯಲ್ಲ, ಬಿಡಿ.

ಹೂಳೆತ್ತುವ ಆಳುಗಳಿಗೆ ಒಂದು ಕಟ್ಟಳೆ ಇತ್ತು. ಇಳಿಯುವವನು ಉಡಿದಾರ ಒಂದನ್ನು ಬಿಟ್ಟು ಮೈಮೇಲಿನದನ್ನೆಲ್ಲ ಕಳಚಿ ದಡದವನ ಕೈಗೆ ಕೊಡಬೇಕು. ತಾಯಿತ, ಉಂಗುರ, ಬೀಡಿ ಕಟ್ಟು, ಏನಿದ್ದರೂ. ಬಾವಿಗೆ ಬಿದ್ದದ್ದು ಬಾವಿಯ ಪಾಲು, ಅದನ್ನು ಹುಡುಕಲು ಮುಳುಗಿದವನೂ ಬಾವಿಯ ಪಾಲು ಅನ್ನುವುದು ಅವರ ನಂಬಿಕೆ. ದಡದವನು ಅದನ್ನೆಲ್ಲ ಟವಲಿನಲ್ಲಿ ಗಂಟು ಕಟ್ಟಿ ಹೆಗಲಿಗೆ ಹಾಕಿಕೊಂಡು, ಇಳಿದವರು ಮೇಲೆ ಬರುವ ತನಕ ಕೂರದೆ, ನೀರು ಕುಡಿಯದೆ ನಿಂತಿರಬೇಕು. ದ್ಯಾವಯ್ಯ ಹಾಗೆ ನಿಂತು ನಿಂತೇ ಮುದುಕನಾಗಿದ್ದ. ಅವನ ಟವಲಿನಿಂದ ಒಂದು ತಾಯಿತ ಕಳೆದದ್ದಿಲ್ಲ. ಅವನು ದಡದಲ್ಲಿದ್ದಾಗ ಒಬ್ಬ ಆಳು ಸತ್ತದ್ದಿಲ್ಲ. ಆ ಹೆಮ್ಮೆ ಅವನಿಗಿತ್ತು. ಇರಬಾರದೇ? ಅವನಿಗೆ ಬೇರೆ ಇನ್ನೇನಿತ್ತು?

ಪಾಂಡವಪುರದ ಕಂಟ್ರಾಕ್ಟರ್ ನಾಗರಾಜು ಇವರನ್ನು ಹುಡುಕಿಕೊಂಡು ಬಂದದ್ದು ಇದೇ ಕಸುಬು ಕೇಳಿ. ದೂರದಲ್ಲಿ, ಬೇರೆ ಸೀಮೆಯಲ್ಲಿ, ಅಣುವಿನಿಂದ ಕರೆಂಟು ತೆಗೆಯುವ ಸ್ಥಾವರವೊಂದಿತ್ತು. ಆಗಾಗ ಅದನ್ನು ನಿಲ್ಲಿಸಿ ಒಳಗೆಲ್ಲ ಚೊಕ್ಕಟ ಮಾಡಬೇಕು. ಖಾಯಂ ನೌಕರರು ಕಾಲಿಡದ ಜಾಗಗಳು ಅಲ್ಲಿದ್ದವು. ಆ ಜಾಗಗಳನ್ನು ಬಳಿಯುವ ಕೆಲಸವನ್ನು ಒಂದು ಖಾಸಗಿ ಕಂಪನಿ ಹಿಡಿದಿತ್ತು. ಕಂಪನಿಯಿಂದ ನಾಗರಾಜು ಹಿಡಿದಿದ್ದ. ನಾಗರಾಜುವಿನಿಂದ ಕೇರಿಗೆ ಬಂತು. ಮೇಲಿನವರು ಒಬ್ಬರಿಂದೊಬ್ಬರಿಗೆ ದಾಟಿಸುತ್ತಾ ಬಂದ ಗಲೀಜು ಕೊನೆಗೆ ಬಂದು ನಿಲ್ಲುವುದು ಕೇರಿಯಲ್ಲೇ ತಾನೆ? ಬಾವಿ ಹೂಳಿಗಿಂತ ಸಲೀಸು, ಇಸ್ತ್ರಿ ಮಾಡಿದ ಬಟ್ಟೆ ಕೊಡುತ್ತಾರೆ ಅಂದ ನಾಗರಾಜು. ದ್ಯಾವಯ್ಯನ ಮಗ ಸಿದ್ದಾರ್ಥ ಹೊರಟ. ಅವನ ಜೊತೆಗಾರರು ಚಿಕ್ಕಯ್ಯ, ಬೋರಯ್ಯ ಹೊರಟರು. ದಡದವನಿಲ್ಲದೆ ಇಳಿಯುವುದು ಹೇಗೆ? ದ್ಯಾವಯ್ಯನೂ ಹೊರಟ.

ಅದು ಬಾವಿಯಲ್ಲ. ನೆಲದ ಅಡಿಯ ಕಾಂಕ್ರೀಟು ಗುಂಡಿ. ಪೈಪುಗಳಿಂದ ಸೋರಿದ ನೀರು, ತುಕ್ಕು, ಕೆಸರು ಎಲ್ಲ ಬಂದು ಅಲ್ಲಿ ಕೂರುತ್ತಿತ್ತು. ಬೇಯಿಸುವ ಸೆಕೆ. ಮೈಗೊಂದು ಪ್ಲಾಸ್ಟಿಕ್ ಅಂಗಿ, ಅದೂ ಹಿಂದಿನ ಆಳುಗಳು ತೊಟ್ಟು ಹರಿದದ್ದು. ಮಂಡಿಯೂರಿ ಕೂತು ಚಿಂದಿಬಟ್ಟೆ ಅದ್ದಿ, ಹಿಂಡಿ, ಬಕೆಟ್ಟು ತುಂಬಿಸಬೇಕು. ಬೆವರು ಕಣ್ಣಿಗಿಳಿದರೆ ಒರೆಸಿಕೊಳ್ಳುವಂತಿಲ್ಲ. ಮೇಲೆ ಬಂದವರನ್ನು ಒಂದು ಯಂತ್ರದ ಮುಂದೆ ನಿಲ್ಲಿಸುತ್ತಿದ್ದರು. ಅದು ಕಿರುಚಿಕೊಂಡರೆ ಸೋಪು ಹಾಕಿ ಬ್ರಷ್ಷಿನಲ್ಲಿ ಮೈ ಉಜ್ಜಬೇಕು. ಮತ್ತೆ ಕಿರುಚಿದರೆ ಮತ್ತೆ ಉಜ್ಜಬೇಕು. ಚರ್ಮ ಕಿತ್ತು ರಕ್ತ ಒಸರಿದರೂ ಉಜ್ಜಬೇಕು.

“ಈ ಮಿಸಿನ್‌ಗೂ ನಮ್ ಜಾತಿ ಗೊತ್ತಾಗೋಯ್ತದೆ ಕಣ್ಲಾ,” ಅಂದಿದ್ದ ಚಿಕ್ಕಯ್ಯ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಚಿಕ್ಕಯ್ಯ ಇದ್ದ ಕಡೆ ನಗುವಿಗೆ ಬರವಿರಲಿಲ್ಲ.

ಗೇಟಿನಲ್ಲಿ ಪ್ರತಿಯೊಬ್ಬನ ಎದೆಗೂ ಒಂದು ಬಿಲ್ಲೆ ಸಿಕ್ಕಿಸುತ್ತಿದ್ದರು. ಬೆಂಕಿಪೊಟ್ಟಣದಷ್ಟು ಪ್ಲಾಸ್ಟಿಕ್ ಡಬ್ಬಿ, ಮೇಲೆ ಅವರವರ ಹೆಸರು. ತಾಲ್ಲೂಕು ಕಚೇರಿಯ ಜವಾನನ ಎದೆಯ ಮೇಲೆ ಬಿಲ್ಲೆ ನೋಡಿ ಕೈಮುಗಿದಿದ್ದ ಜನ ಇವರು. ತಮ್ಮ ಎದೆಗೂ ಒಂದು ಬಂತಲ್ಲ ಅಂತ ಬೋರಯ್ಯ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಂಡ. ಅದು ಯಾತಕ್ಕೆ ಅಂತ ಯಾರೂ ಹೇಳಲಿಲ್ಲ. ಕಳೆದರೆ ಚರ್ಮ ಸುಲೀತೀನಿ ಅಂತ ಮಾತ್ರ ನಾಗರಾಜು ಹೇಳಿದ.

ಗುಂಡಿಯ ಬಾಯಿಗೆ ಬಂದಾಗ ದ್ಯಾವಯ್ಯ ಟವಲು ಹಾಸಿದ. ಬಾವಿಯ ಕಟ್ಟಳೆಯೇ ಅವರಿಗೆ ಎಲ್ಲಕ್ಕೂ ಕಟ್ಟಳೆ. ಚಿಕ್ಕಯ್ಯ ತಾಯಿತ ಬಿಚ್ಚಿದ, ಬಿಲ್ಲೆ ಬಿಚ್ಚಿದ. ಬೋರಯ್ಯನೂ ಬಿಚ್ಚಿದ. ಸಿದ್ದಾರ್ಥ ಮಾತ್ರ ತಡೆದ. ಅವನು ಹತ್ತನೇ ಕ್ಲಾಸು ಓದಿದ್ದವನು. ಇದನ್ನು ಹಾಕಿಕೊಂಡೇ ಇಳಿಯಬೇಕೇನೋ, ಗೋಡೆ ಮೇಲಿನ ಬೋರ್ಡಿನಲ್ಲಿ ಹಾಕಿಕೊಂಡಿರುವ ಆಳಿನ ಚಿತ್ರ ಬರೆದಿದ್ದಾರೆ ಅಂದ. ದ್ಯಾವಯ್ಯ ರೇಗಿದ. ನಿನ್ನ ತಾತನ ಕಾಲದಿಂದ ಇಲ್ಲದ್ದು ನಿನ್ನದೊಂದು ಹೊಸ ಶಾಸ್ತ್ರವೋ? ಕೆಸರಿಗೆ ಬಿದ್ದರೆ ಯಾರು ಹುಡುಕುತ್ತಾರೆ? ಬಿಚ್ಚು ಅಂದ. ಸಿದ್ದಾರ್ಥ ಬಿಚ್ಚಿಕೊಟ್ಟ. ಅಪ್ಪನ ಮಾತು ಮೀರುವ ಮಗನಾಗಿರಲಿಲ್ಲ ಅವನು.

ನಾಗರಾಜು ಅಲ್ಲೇ ನಿಂತು ಇದನ್ನೆಲ್ಲ ನೋಡಿದ. ಅವನಿಗೆ ಗೊತ್ತಿತ್ತು. ಹೇಳಲಿಲ್ಲ. ಗೇಟಿನ ಸಾಹೇಬರ ಕಣ್ಣು ಅಷ್ಟು ಒಳಗೆ ಮುಟ್ಟುವುದಿಲ್ಲ ಅನ್ನುವುದೂ ಅವನಿಗೆ ಗೊತ್ತಿತ್ತು. ಒಳ್ಳೇ ಪದ್ಧತಿ ಕಣ್ಲಾ ದ್ಯಾವ ಅಂತ ಬೆನ್ನು ತಟ್ಟಿದ. ಮೇಲ್ಜಾತಿಯ ಕೈ ಬೆನ್ನು ಮುಟ್ಟಿತಲ್ಲ ಅಂತ ದ್ಯಾವಯ್ಯ ಹಿಗ್ಗಿದ. ಥೂ, ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಬೇರೆ ಆಳುಗಳನ್ನು ಒಂದೆರಡು ಸಲ ಇಳಿಸಿ ಸಾಕು ಅಂತ ಮನೆಗೆ ಕಳಿಸುತ್ತಿದ್ದರು. ಇವರನ್ನು ಮಾತ್ರ ಕಳಿಸಲೇ ಇಲ್ಲ. ಸ್ಥಾವರ ನಿಲ್ಲಿಸಿದಾಗಲೆಲ್ಲ ಇವರನ್ನೇ ಕರೆದರು, ಇವರನ್ನೇ ಇಳಿಸಿದರು. ನಮ್ಮ ಕೆಲಸ ಮೆಚ್ಚಿದ್ದಾರೆ ಅಂತ ದ್ಯಾವಯ್ಯ ಕೇರಿಯಲ್ಲಿ ಹೇಳಿಕೊಂಡ.

ಚಿಕ್ಕಯ್ಯ ಮೊದಲು ಸತ್ತ. ಹೊಟ್ಟೆ ಊದಿತು, ಹಲ್ಲಿನ ಸಂದಿಯಲ್ಲಿ ರಕ್ತ ಇಳಿಯಿತು. ಕುಡಿದು ಸತ್ತ ಅಂದರು. ಚಿಕ್ಕಯ್ಯ ಕುಡಿಯುತ್ತಿರಲಿಲ್ಲ. ಮುಂದಿನ ಬೇಸಿಗೆಗೆ ಬೋರಯ್ಯ ಸತ್ತ. ಗಾಳಿ ಮೆಟ್ಟಿತು ಅಂದರು. ಆಮೇಲೆ ಸಿದ್ದಾರ್ಥನ ಮೈಮೇಲೆ ನೀಲಿ ಕಲೆಗಳೆದ್ದವು. ಅವನ ಹೆಂಡತಿ ರಂಜಿತ ಅಂತ್ರ ಗಿಂತ್ರ ಒಂದೂ ಬೇಡ ಅಂದವಳೇ ಗಂಡನನ್ನು ಬಸ್ಸು ಹತ್ತಿಸಿಕೊಂಡು ಮೈಸೂರಿನ ಆಸ್ಪತ್ರೆಗೆ ಹೋದಳು. ರಕ್ತದ ಕ್ಯಾನ್ಸರು ಅಂದರು ಡಾಕ್ಟರು. ಯಾತರಿಂದ ಬಂತು ಅಂತ ಕೇಳಿದಳು. ಹೇಳಲಾಗುವುದಿಲ್ಲ ಅಂದರು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸೇರಿಸಿದರೆ ನೋಡಬಹುದು ಅಂದರು. ಬೆಂಗಳೂರು! ಅವರಿಗೆ ಬೆಂಗಳೂರೂ ಒಂದೇ, ಚಂದ್ರಲೋಕವೂ ಒಂದೇ.

ಅಷ್ಟು ಹೊತ್ತಿಗೆ ನಾಗರಾಜು ತಾನಾಗಿ ಬಂದ.

ಆ ವರ್ಷ, ತೊಂಬತ್ತಾರರಲ್ಲಿ, ಅಣುಸ್ಥಾವರಗಳ ಸುರಕ್ಷತೆಗೆಂದು ದೇಶದೇಶಗಳು ಸೇರಿ ಮಾಡಿಕೊಂಡ ಒಂದು ಒಪ್ಪಂದ ಜಾರಿಗೆ ಬರುವುದಿತ್ತು. ನಮ್ಮ ದೇಶ ಸಹಿ ಹಾಕಿತ್ತು, ಪೂರ್ತಿ ಒಪ್ಪುವುದು ಬಾಕಿ ಇತ್ತು. ಸ್ಥಾವರಗಳಿಗೆ ಸಾಮಾನು ಮಾಡುವ, ಆಳು ಒದಗಿಸುವ ಕಂಪನಿಗಳೆಲ್ಲ ಕೂಡಿ ಒಪ್ಪಂದಕ್ಕೆ ನಮ್ಮ ಬೆಂಬಲವಿದೆ ಎಂದು ಸಾರಲು ಶ್ರೀರಂಗಪಟ್ಟಣದ ಹೊಳೆ ದಂಡೆಯ ಹೋಟೆಲಿನಲ್ಲಿ ಸಭೆ ಇಟ್ಟಿದ್ದವು. ಬೆಂಬಲ ಕೊಟ್ಟರೆ ಹೊರದೇಶದ ವ್ಯಾಪಾರದ ಬಾಗಿಲು ತೆರೆಯುತ್ತದೆ ಅನ್ನುವ ಲೆಕ್ಕ ಅವರದು. ಒಪ್ಪಂದವೇನೂ ಕೆಟ್ಟದ್ದಲ್ಲ. ಕೆಲಸಗಾರನ ಮೈಮೇಲೆ ಬೀಳುವ ವಿಕಿರಣ ಆದಷ್ಟು ಕಡಿಮೆಯಿರಬೇಕು ಅಂತಲೇ ಅದರಲ್ಲಿ ಬರೆದಿದೆ. ಬರೆದವರು ಒಳ್ಳೆಯವರೇ ಇರಬೇಕು. ಗುಂಡಿಯ ಬಾಯಿಗೆ ಅವರು ಬಂದಿರಲಿಲ್ಲ, ಅಷ್ಟೆ.

ಆ ಸಭೆಯಲ್ಲಿ ಕೂಲಿಯವನೊಬ್ಬನಿಗೆ ಶಾಲು ಹೊದಿಸಬೇಕಂತೆ. ಅವನು ಎರಡು ಮಾತಾಡಬೇಕಂತೆ. ನಮಗೆ ಏನೂ ಆಗಿಲ್ಲ, ಕಂಪನಿ ನಮ್ಮನ್ನು ಮಕ್ಕಳ ಹಾಗೆ ನೋಡಿಕೊಂಡಿತು, ಇಷ್ಟೇ. ಇಷ್ಟು ಹೇಳಿದರೆ ಕಂಪನಿಯೇ ಸಿದ್ದಾರ್ಥನನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸುತ್ತದೆ.

“ಮಗನ್ನ ಉಳಿಸ್ಕೋಬೇಕೋ ಬ್ಯಾಡ್ವೋ?” ಅಂದ ನಾಗರಾಜು.

“ಉಳಿಸ್ಕೋಬೇಕು ಬುದ್ದಿ,” ಅಂದ ದ್ಯಾವಯ್ಯ.

ಎರಡು ಮಾತು ತಾನೆ? ಮಗನ ಜೀವಕ್ಕೆ ಇನ್ನೂರು ಮಾತು ಬೇಕಾದರೂ ಆಡುತ್ತಿದ್ದ. ರಂಜಿತ ಮಾವನ ಕಾಲು ಮುಟ್ಟಿ ಕಳಿಸಿದಳು. ಹಾದಿಯುದ್ದಕ್ಕೂ ಅವನು ಆ ಮಾತುಗಳನ್ನು ಬಾಯಿಪಾಠ ಮಾಡಿದ. ಶ್ರೀರಂಗಪಟ್ಟಣದ ಪೀರ್ ಅಹಮದ್ ನಾಗರಾಜುವಿನ ವ್ಯಾನಿನ ಡ್ರೈವರು. ಕನ್ನಡಿಯಲ್ಲಿ ಮುದುಕನ ತುಟಿ ಅಲ್ಲಾಡುವುದನ್ನು ನೋಡಿ, ದೇವರ ಜಪ ಮಾಡ್ತಿದ್ದೀರಾ ದ್ಯಾವಣ್ಣ ಅಂದ. ಹೂಂ ಕಣಪ್ಪ ಅಂದ ದ್ಯಾವಯ್ಯ.

ಹೋಟೆಲಿನ ಮುಂಬಾಗಿಲಿಗೆ ತೋರಣ ಕಟ್ಟಿತ್ತು. ದ್ಯಾವಯ್ಯನನ್ನು ಹಿಂದಿನಿಂದ, ಅಡುಗೆಮನೆಯ ಕಡೆಯಿಂದ ಕರೆದುಕೊಂಡು ಹೋದರು. ಪಾತ್ರೆ ತೊಳೆಯುವ ನಲ್ಲಿಯ ಹತ್ತಿರ ನಿಲ್ಲಿಸಿ ಹಿಮ್ಮಡಿಯ ಒಡಕು ಉಜ್ಜಿಸಿದರು. ಬಿಳೀ ಪಂಚೆ, ಬಿಳೀ ಅಂಗಿ ತೊಡಿಸಿದರು. ಹೆಗಲ ಟವಲು ಬೇಡ ಅಂದರು. ಕೆಮ್ಮಬೇಡ, ಏನನ್ನೂ ಮುಟ್ಟಬೇಡ, ಕರೆದಾಗ ಮಾತ್ರ ಎದ್ದು ಬಾ ಅಂದರು. ಎಂದೂ ದ್ಯಾವ ಅಂತ ಬಿಟ್ಟರೆ ಬೇರೆ ಕರೆಯದ ನಾಗರಾಜು ವೇದಿಕೆಯ ಹತ್ತಿರ ಬರುತ್ತಲೇ, ಬನ್ನಿ ದ್ಯಾವಯ್ಯನವರೇ ಅಂದ. ಯಾರನ್ನು ಕರೆಯುತ್ತಿದ್ದಾನೆ ಅಂತ ದ್ಯಾವಯ್ಯ ಹಿಂದೆ ತಿರುಗಿ ನೋಡಿದ.

ಒಳಗೆ ಥಂಡಿ. ಬಿಳಿಯರೂ ಇದ್ದರು, ಊರ ದೊಡ್ಡವರೂ ಇದ್ದರು. ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಯಿತು. ಆಮೇಲೆ ಕಂಪನಿಯ ಸಾಹೇಬರೊಬ್ಬರು ಊರ ದೊಡ್ಡವರಿಗೆ ತಿಳಿಯಲಿ ಅಂತ ಕನ್ನಡದಲ್ಲಿ ಹೇಳತೊಡಗಿದರು. ಹಿಂದಿನ ಪರದೆಯ ಮೇಲೆ ದೊಡ್ಡದಾಗಿ ಒಂದು ಚಿತ್ರ ಬಿತ್ತು. ದ್ಯಾವಯ್ಯ ಗುರುತು ಹಿಡಿದ. ಬಿಲ್ಲೆ.

ಇದು ಅಲಂಕಾರವಲ್ಲ, ಇದು ಸಾಕ್ಷಿ ಅಂದರು ಸಾಹೇಬರು. ಅಣುವಿನ ಕಿರಣ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ಕೆಲಸಗಾರನ ಎದೆಯ ಮೇಲೆ ಎಷ್ಟು ಬಿತ್ತೋ ಅಷ್ಟೂ ಈ ಬಿಲ್ಲೆಯೊಳಗಿನ ಫಿಲ್ಮಿನ ಮೇಲೆ ಕಪ್ಪಗೆ ಮೂಡುತ್ತದೆ. ಮಿತಿ ಮುಟ್ಟಿತೋ, ಅಂಥವನನ್ನು ಮತ್ತೆ ಒಳಗೆ ಬಿಡುವುದೇ ಇಲ್ಲ. ನಮ್ಮ ಗುತ್ತಿಗೆ ಆಳುಗಳ ಫಿಲ್ಮು ನೋಡಿ, ಹೆಚ್ಚುಕಮ್ಮಿ ಖಾಲಿ. ಸುರಕ್ಷತೆಗೆ ಇದಕ್ಕಿಂತ ಪುರಾವೆ ಬೇಕೆ? ಎಲ್ಲಕ್ಕಿಂತ ಖಾಲಿ ಫಿಲ್ಮು ಇರುವ ತಂಡದ ಮೇಸ್ತ್ರಿಯೇ ಇವತ್ತು ನಮ್ಮ ಮುಂದಿದ್ದಾರೆ.

ಜನ ಚಪ್ಪಾಳೆ ತಟ್ಟಿದರು. ದ್ಯಾವಯ್ಯ ಪರದೆಯ ಮೇಲಿನ ಬಿಲ್ಲೆಯನ್ನೇ ನೋಡಿದ. ಕಪ್ಪಗೆ ಮೂಡಬೇಕಿದ್ದದ್ದು ಬಿಲ್ಲೆಯ ಮೇಲೆ. ಬಿಲ್ಲೆ ಅವನ ಟವಲಿನಲ್ಲಿ ಬೆಚ್ಚಗೆ ಮಲಗಿತ್ತು. ಮೂಡಿದ್ದು ಚಿಕ್ಕಯ್ಯನ ಮೈಯಲ್ಲಿ, ಬೋರಯ್ಯನ ಮೈಯಲ್ಲಿ. ಹಾಕಿಕೊಂಡೇ ಇಳೀತೀನಿ ಅಂದ ಹುಡುಗನ ಎದೆಯಿಂದ ಬಿಚ್ಚಿಸಿದವನು ಯಾರು? ಅವನೇ. ಹೆತ್ತ ಅಪ್ಪ. ನೀರೂ ಕುಡಿಯದೆ ನಿಂತು ಅವನು ಕಾದದ್ದು ಮಕ್ಕಳನ್ನಲ್ಲ, ಪ್ಲಾಸ್ಟಿಕ್ ಡಬ್ಬಿಗಳನ್ನು.

ಶಾಲು ಹೊದಿಸಲು ಬಂದರು. ಅವನು ಬೇಡ ಅಂತ ಕೈ ಅಡ್ಡ ಹಿಡಿದ. ನಾಚಿಕೆ ಅಂದುಕೊಂಡು ಅವರು ನಕ್ಕರು, ಮೈಕನ್ನು ಬಾಯಿಯ ಹತ್ತಿರ ತಂದರು. ಮಗನ ಮುಖ ಕಣ್ಣ ಮುಂದೆ ಬಂತು. ಎರಡು ಮಾತು, ಆಡಿಬಿಡು ಅಂತ ಮನಸ್ಸು ಗೋಗರೆಯಿತು. ಅವನು ಬಾಯಿ ತೆರೆದ. ಕಲಿತ ಮಾತು ಬರಲಿಲ್ಲ.

“ನಂಗೆ ಎರಡು ಮಾತು ಹೇಳ್ಕೊಟ್ಟು ಕರ್ಕೊಂಬಂದವ್ರೆ. ಅದ ಆಡಕ್ಕೆ ನನ್ ಕೈಲಾಗಕಿಲ್ಲ,” ಅಂದ ದ್ಯಾವಯ್ಯ. “ಈ ಬಿಲ್ಲೆ ನಮ್ಮೋರ ಎದೆ ಮ್ಯಾಲೆ ಇರ್ನಿಲ್ಲ ಬುದ್ದಿ. ನನ್ ಟವಲ್ನಾಗಿತ್ತು. ಗುಂಡಿಗೆ ಇಳಿದಿದ್ದು ನನ್ ಮಗ, ಚಿಕ್ಕಯ್ಯ, ಬೋರಯ್ಯ. ಬಿಲ್ಲೆ ಇಳೀನಿಲ್ಲ. ಅದ್ಕೇ ಬಿಲ್ಲೆಗೆ ಏನೂ ಆಗಿಲ್ಲ, ಚೆನ್ನಾಗದೆ. ಚಿಕ್ಕಯ್ಯ ಸತ್ತೋದ. ಬೋರಯ್ಯ ಸತ್ತೋದ. ನನ್ ಮಗ ಮೈಸೂರಾಸ್ಪತ್ರೇಲಿ ರಕ್ತ ಕಕ್ತಾ ಬಿದ್ದವ್ನೆ. ನಾಗರಾಜಪ್ಪೋರು ಪಕ್ದಲ್ಲೇ ನಿಂತಿದ್ರು, ಕೇಳಿ.”

ಊರ ದೊಡ್ಡವರು ತಲೆ ತಗ್ಗಿಸಿದರು. ಕೆಲವರು ನೀರಿನ ಲೋಟ ಎತ್ತಿಕೊಂಡರು. ಒಬ್ಬ ಬಿಳಿಯ ಬಗ್ಗಿ ಸಾಹೇಬರನ್ನು ಏನೋ ಕೇಳಿದ. ಸಾಹೇಬರು ನಗುತ್ತಾ ಮೈಕು ತೆಗೆದುಕೊಂಡು ಇಂಗ್ಲಿಷಿನಲ್ಲಿ ಚುಟುಕಾಗಿ ಹೇಳಿದರು. ಏನು ಹೇಳಿದರೋ! ಬಿಳಿಯರೆಲ್ಲ ಎದ್ದು ನಿಂತು ದ್ಯಾವಯ್ಯನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಒಬ್ಬ ಹೆಂಗಸು ಕಣ್ಣೊರೆಸಿಕೊಂಡು ಅವನಿಗೆ ಕೈಮುಗಿದಳು. ಎದೆ ಸೀಳಿ ತೋರಿಸಿದ್ದಕ್ಕೆ ಚಪ್ಪಾಳೆ ಬಿತ್ತಲ್ಲ, ಆ ಸಂಕಟ ಯಾವ ಶತ್ರುವಿಗೂ ಬೇಡ.

ಅಡುಗೆಮನೆಯ ಹಿಂದೆ ನಾಗರಾಜು ಅವನ ಕುತ್ತಿಗೆ ಹಿಡಿದು ತಳ್ಳಿದ. ಬಟ್ಟೆ ಬಿಚ್ಚು ಅಂದ. ಪಾತ್ರೆ ತೊಳೆಯುವ ಹೆಂಗಸರ ಎದುರಿಗೇ ದ್ಯಾವಯ್ಯ ಬಿಳೀ ಅಂಗಿ ಬಿಚ್ಚಿದ, ಬಿಳೀ ಪಂಚೆ ಬಿಚ್ಚಿದ. ಚಡ್ಡಿಯಲ್ಲಿ ನಿಂತುಕೊಂಡು ತನ್ನ ಬಟ್ಟೆ ಹುಡುಕಿದ. ಹೆಂಗಸರು ಆ ಕಡೆ ತಿರುಗಿಕೊಂಡರು.

“ನಿನ್ ಮಗನ್ನ ನೀನೇ ಕೊಂದ್ಬುಟ್ಟೆ, ತಿಳ್ಕೋ,” ಅಂದ ನಾಗರಾಜು.

ದ್ಯಾವಯ್ಯ ತನ್ನ ಬಟ್ಟೆ ತೊಟ್ಟು, ಟವಲು ಎತ್ತಿಕೊಂಡು ಹೊರಗೆ ಬಂದ. ಪೀರ್ ಅಹಮದ್ ವ್ಯಾನಿನ ಬಾಗಿಲು ತೆರೆದ. ಧಣಿ ಒಳಗಿರುವಾಗಲೇ ಧಣಿಯ ವ್ಯಾನಿನಲ್ಲಿ ಮುದುಕನನ್ನು ಮೈಸೂರಿನ ಆಸ್ಪತ್ರೆಯ ಬಾಗಿಲಿಗೆ ಬಿಟ್ಟುಬಂದ.

ರಂಜಿತ ವಾರ್ಡಿನ ಹೊರಗೆ ಕಾಯುತ್ತಿದ್ದಳು. ಗಂಡನ ಬಟ್ಟೆಯನ್ನೆಲ್ಲ ಒಗೆದು ಮಡಿಸಿ ಚೀಲಕ್ಕೆ ತುಂಬಿ ಬೆಂಗಳೂರಿಗೆ ತಯಾರಾಗಿ ಕೂತಿದ್ದಳು. ದ್ಯಾವಯ್ಯ ನಡೆದದ್ದನ್ನೆಲ್ಲ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು.

“ಒಂದ್ ಸುಳ್ಳು ಮಾವ,” ಅಂದಳು. “ದಿನಾ ಸಾವಿರ ಜನ ಆಡ್ತಾರೆ. ನನ್ ಗಂಡನ್ಗೋಸ್ಕರ ಒಂದ್ ಸುಳ್ಳು ನಿಮ್ ಬಾಯಲ್ಲಿ ಬರ್ನಿಲ್ವಾ?”

ಆಮೇಲೆ ಅವಳು ಮಾವನ ಜೊತೆ ಮಾತಾಡುವುದನ್ನೇ ಬಿಟ್ಟಳು. ಅವಳದು ತಪ್ಪು ಅಂತ ಯಾವ ಬಾಯಿ ಹೇಳುತ್ತದೆ? ಸತ್ಯ ಹೇಳಿದವನಿಗೆ ನೆಮ್ಮದಿ ಸಿಗುತ್ತದೆ ಅಂತ ಯಾರು ಹೇಳಿದರೋ, ಅವರು ಆ ವಾರ್ಡಿನ ಹೊರಗಿನ ಕಲ್ಲುಬೆಂಚಿನ ಮೇಲೆ ಒಂದು ದಿನ ಕೂತು ನೋಡಲಿ.

ಸಿದ್ದಾರ್ಥನಿಗೂ ಹೇಳಬೇಕಿತ್ತು. ಹೇಳಿದ. ಬಿಲ್ಲೆ ಯಾತಕ್ಕಿತ್ತು ಅಂತಲೂ ಹೇಳಿದ. ಅವತ್ತು ನೀನು ಬಿಚ್ಚೋದಿಲ್ಲ ಅಂದೆ, ನಾನೇ ಬಿಚ್ಚಿಸಿದೆ ಅಂತಲೂ ಹೇಳಿ ಮಗನ ಕಾಲು ಹಿಡಿದುಕೊಂಡ. ಒಣಗಿದ ಜೋಳದ ದಂಟಿನಂಥ ಕಾಲು. ಸಿದ್ದಾರ್ಥ ಕಾಲನ್ನು ಎಳೆದುಕೊಳ್ಳಲು ನೋಡಿದ, ಶಕ್ತಿ ಸಾಲಲಿಲ್ಲ.

“ಬುಡಪ್ಪ,” ಅಂದ. “ದಡದಲ್ಲಿ ನೀನಿದ್ದೀಯಲ್ಲ ಅಂತ ನಾವು ಹೆದರ್ಕೊಳ್ದೆ ಇಳೀತಿದ್ವಿ.”

ಸಮಾಧಾನಕ್ಕೆಂದೇ ಅವನು ಆಡಿದ ಮಾತು. ದ್ಯಾವಯ್ಯನನ್ನು ಅದು ಇವತ್ತಿಗೂ ಮಲಗಲು ಬಿಟ್ಟಿಲ್ಲ.

ದೀಪಾವಳಿಗೆ ಮುಂಚೆ ಸಿದ್ದಾರ್ಥ ಸತ್ತ. ಚಿಕ್ಕಯ್ಯ, ಬೋರಯ್ಯನ ಪಕ್ಕದಲ್ಲೇ ಅವನನ್ನು ಮಣ್ಣು ಮಾಡಿದರು. ಗುಂಡಿಗೆ ಇಳಿದು ಮಗನ ದೇಹವನ್ನು ಮಲಗಿಸಿದವನು ದ್ಯಾವಯ್ಯನೇ. ಆ ದಿನ ಅವನು ಯಾರನ್ನೂ ಇಳಿಯಗೊಡಲಿಲ್ಲ. ಮನೆಯಲ್ಲಿ ರಂಜಿತ ಮುದ್ದೆ ತಟ್ಟೆಯನ್ನು ಮಾವನ ಮುಂದಿಟ್ಟು ತಿರುಗಿ ನೋಡದೆ ಹೋಗುತ್ತಿದ್ದಳು. ಅವನು ಉಂಡನೋ ಬಿಟ್ಟನೋ ಕೇಳುತ್ತಿರಲಿಲ್ಲ.

ಸುಗ್ಗಿ ಮುಗಿಯುತ್ತಲೇ ನಾಗರಾಜು ಮತ್ತೆ ಬಂದ. ಬರದೆ ಇರುತ್ತಾನೆಯೇ? ಸ್ಥಾವರ ನಿಲ್ಲಿಸುವ ಹೊತ್ತು ಬಂದಿತ್ತು, ಗುಂಡಿ ತುಂಬಿತ್ತು. ಒಪ್ಪಂದಕ್ಕೆ ಬೆಂಬಲ ಕೊಟ್ಟ ಸುದ್ದಿ ಪೇಪರಿನಲ್ಲೂ ಬಂದಿತ್ತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕೇರಿಯ ಬೇವಿನಮರದ ಕೆಳಗೆ ವ್ಯಾನು ನಿಂತಿತು. ಚಿಕ್ಕಯ್ಯನ ತಮ್ಮ ಹತ್ತಿದ. ಬೋರಯ್ಯನ ಅಳಿಯ ಹತ್ತಿದ. ಇನ್ನೂ ನಾಲ್ಕಾರು ಹುಡುಗರು ಹತ್ತಿದರು. ಕೆಲಸವಿಲ್ಲದ ಹೊಟ್ಟೆಗೆ ಸತ್ತವರ ನೆನಪು ಎಷ್ಟು ದಿನ ಇರುತ್ತದೆ? ದ್ಯಾವಯ್ಯ ವ್ಯಾನಿನ ಕಿಟಕಿ ಕಿಟಕಿಗೂ ಹೋಗಿ ಬೇಡ ಕಣ್ರಪ್ಪಾ ಅಂತ ಬೇಡಿಕೊಂಡ. ಹುಡುಗರು ಮುಖ ತಪ್ಪಿಸಿದರು. ನಿನ್ನ ದಡದಲ್ಲೇ ಮೂವರು ಹೋದರಲ್ಲ, ಈಗ ನಮಗೆ ಬುದ್ಧಿ ಹೇಳಲು ಬಂದೆಯಾ ಅಂದ ಒಬ್ಬ. ದ್ಯಾವಯ್ಯ ಹೋಗಿ ತನ್ನ ಮನೆಯ ಜಗುಲಿಯ ಮೇಲೆ ಕುಸಿದ.

ಆಗ ರಂಜಿತ ಮನೆಯೊಳಗಿಂದ ಬಂದಳು. ಒಲೆಯ ಮುಂದಿನಿಂದ ಎದ್ದು ಬಂದವಳ ಕೈಯಲ್ಲಿ ಇನ್ನೂ ರಾಗಿಹಿಟ್ಟು ಮೆತ್ತಿತ್ತು. ಯಾರನ್ನೂ ನೋಡಲಿಲ್ಲ. ನೇರ ವ್ಯಾನು ಹತ್ತಿ ಹುಡುಗರ ನಡುವೆ ಜಾಗ ಮಾಡಿಕೊಂಡು ಕೂತಳು.

“ನಡೀರಿ,” ಅಂದಳು. “ಸಿದ್ದಾರ್ಥನ ಜಾಗ ಖಾಲಿ ಅದಲ್ಲ, ನಾನು ಇಳೀತೀನಿ.”

ಹೆಂಗಸರ ಕೆಲಸವಲ್ಲ, ಇಳಿಯಮ್ಮ ಅಂತ ನಾಗರಾಜು ಮೊದಲು ನಯವಾಗಿ ಹೇಳಿದ. ಆಮೇಲೆ ಗದರಿದ. ಆಮೇಲೆ ಕೈ ಹಿಡಿದು ಎಳೆಯಲು ಬಂದ. ಅವಳು ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. ಪೀರ್ ಅಹಮದ್ ಎಂಜಿನ್ನು ನಿಲ್ಲಿಸಿ ಬೀಗದಕೈಯನ್ನು ಜೇಬಿಗೆ ಹಾಕಿಕೊಂಡ.

“ನನ್ ಗಂಡ ಅಲ್ಲೇ ತಾನೇ ಸತ್ತಿದ್ದು. ನಾನೂ ಅಲ್ಲೇ ಸಾಯ್ತೀನಿ,” ಅಂದಳು ರಂಜಿತ. “ಇಲ್ಲಾಂದ್ರೆ ಇವ್ರೆಲ್ಲ ಕೆಳಕ್ಕೆ ಇಳೀಲಿ. ಆಗ ನಾನೂ ಇಳೀತೀನಿ.”

ಹೊತ್ತು ಕಳೆಯಿತು. ಕೇರಿಯ ಹೆಂಗಸರೆಲ್ಲ ವ್ಯಾನಿನ ಸುತ್ತ ಬಂದು ನಿಂತರು. ಮೊದಲು ಚಿಕ್ಕಯ್ಯನ ತಮ್ಮ ಇಳಿದ, ತಲೆ ತಗ್ಗಿಸಿಕೊಂಡು. ಆಮೇಲೆ ಬೋರಯ್ಯನ ಅಳಿಯ. ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಕೊನೆಗೆ ರಂಜಿತ ಇಳಿದಳು.

ನಾಗರಾಜು ನೆಲಕ್ಕೆ ಉಗಿದ. ನಿಮ್ಮದೊಂದೇ ಕೇರಿಯೇನ್ರೋ ಲೋಕದಲ್ಲಿ, ಅಕ್ಕಿಹೆಬ್ಬಾಳಿನ ಕೇರಿಯಲ್ಲಿ ನಾಳೆಗೆ ಸಾಲುಗಟ್ಟಿ ನಿಲ್ಲುತ್ತಾರೆ ಅಂದ. ಅವನು ಹೇಳಿದ್ದು ಸುಳ್ಳಲ್ಲ. ಕೆ.ಆರ್.ಪೇಟೆ ಕಡೆಗೆ ಹೊರಟ ವ್ಯಾನಿನ ಧೂಳು ಬಹಳ ಹೊತ್ತು ಅಡಗಲಿಲ್ಲ. ಹೆಂಗಸರು ಮನೆಗಳಿಗೆ ಹೋದರು. ದ್ಯಾವಯ್ಯ ಜಗುಲಿಯಿಂದ ಏಳಲಿಲ್ಲ.

ರಂಜಿತ ಕೈ ತೊಳೆದು, ಸೀರೆ ಬದಲಾಯಿಸಿಕೊಂಡು ಬಂದಳು. ಬಾಗಿಲಿಗೆ ಬೀಗ ಹಾಕಿದಳು. ಆಸ್ಪತ್ರೆಯ ದಿನದಿಂದ ಮೊದಲ ಸಲ ಮಾವನ ಎದುರಿಗೆ ಬಂದು ನಿಂತಳು.

“ಏಳಿ ಮಾವ. ಅಕ್ಕಿಹೆಬ್ಬಾಳಿಗೆ ಹೋಗವ, ಬಸ್ಸಿನ ಹೊತ್ತಾಯ್ತು.”

“ನಾನ್ ಬಂದು ಏನ್ ಹೇಳ್ಲವ್ವ?” ಅಂದ ದ್ಯಾವಯ್ಯ.

“ಆವತ್ತು ಹೋಟ್ಲಲ್ಲಿ ಏನ್ ಹೇಳಿದ್ರೋ ಅದ್ನೇ ಹೇಳಿ,” ಅಂದಳು. “ಆ ಕೇರಿಯೋರು ಚಪ್ಪಾಳೆ ತಟ್ಟಕಿಲ್ಲ.”